ಹನ್ನೊಂದನೆಯವಳು

ಮಂಗಳವಾರ, ಗುರುವಾರ, ಹತ್ತರಿಂದ ಎರಡು.
ಉಳಿದ ದಿನ ಬಾಗಿಲಿಗೊಂದು ರಟ್ಟಿನ ಗಡಿಯಾರ,
ಮುಳ್ಳು ಯಾರೋ ತಿರುವಿಬಿಟ್ಟಲ್ಲೇ.
ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದೇನೆ;
ಬ್ಲೀಚಿನ ವಾಸನೆ ನನಗಿಂತ ಮೊದಲೇ ಒಳಗೆ ಹೋಗಿ ಕೂತಿತು.

ಮನೆ ಮಾರಿದೆನೆಂದು ಮಾಲೀಕ ಹೇಳಿದ್ದು ಆಗಸ್ಟಿನಲ್ಲಿ,
ಬುಟ್ಟಿ ತುಂಬ ಟೊಮ್ಯಾಟೊ ಕೈಗಿಡುತ್ತ.
ಒಳ್ಳೆಯ ಮನುಷ್ಯ. ಬೈಯೋಣವೆಂದರೆ ಬಾಯಿಗೆ ಬರಲಿಲ್ಲ.
ಕೊಂಡವರು ಬೋಸ್ಟನ್ನಿನವರಂತೆ, ಬೇಸಿಗೆಯ ಆರು ವಾರಕ್ಕಂತೆ,
ಕಿಟಕಿಯಿಂದ ನದಿ ಕಾಣುತ್ತದೆ, ಆಚೆ ದಡಕ್ಕೆ ಕೆನಡಾ ಕಾಣುತ್ತದೆ,
ಅದಕ್ಕಂತೆ.
ಹನ್ನೆರಡು ವರ್ಷ ಅದೇ ಕಿಟಕಿಯಡಿ ಪಾತ್ರೆ ಬೆಳಗಿದವಳು ನಾನು.
ನೋಟಕ್ಕೂ ಬೆಲೆಯುಂಟೆಂದು ತಿಳಿದಿದ್ದರೆ
ಇನ್ನಷ್ಟು ನೋಡಿಕೊಳ್ಳುತ್ತಿದ್ದೆ.

ಹುಡುಕಿದ್ದು ಕಡಿಮೆಯೇನಲ್ಲ.
ದಿನಸಿ ಅಂಗಡಿಯ ಹಲಗೆಯಲ್ಲಿ ಮೂರು ಚೀಟಿ:
ಕಳೆದುಹೋದ ಬೆಕ್ಕು, ಹಿಮ ತೆಗೆಯುವ ಯಂತ್ರ,
ಮತ್ತೊಂದು ಬಾಡಿಗೆ ಮನೆ.
ಅದರ ಫೋನ್ ನಂಬರಿನ ಬಾಲಗಳನ್ನೆಲ್ಲ
ಒಂದೂ ಬಿಡದೆ ಯಾರೋ ಹರಿದೊಯ್ದಿದ್ದರು.

ಉಳಿದದ್ದು ಸ್ಪ್ರೂಸ್ ಕೋರ್ಟು:
ಮುಚ್ಚಿದ ಬೂಟಿನ ಕಾರ್ಖಾನೆಯ ಬೆನ್ನಿಗೆ ಹದಿನಾರು ಮನೆ,
ದುಡಿದ ನೂರರಲ್ಲಿ ಮೂವತ್ತು ನಮ್ಮದು, ಮಿಕ್ಕದ್ದು ಸರ್ಕಾರದ್ದು.

ವರ್ನಾ ಸಿರ್ ಶಾಲೆಯಲ್ಲಿ ನನಗಿಂತ ಎರಡು ಕ್ಲಾಸು ಮುಂದೆ.
ಆದರೂ ಕೇಳಿದಳು, ‘ಹೆಸರು?’
ನಾನು ಕಣ್ಣು ಬಿಟ್ಟೆ.
‘ಕೇಳುವುದು ಫಾರ್ಮು ಕಣೇ, ನಾನಲ್ಲ.’

ಓಡೀಲ್ ಪೆಲ್ಟಿಯೆ. ಮಗ ರೆಮಿ, ಒಂಬತ್ತು ವರ್ಷ.
ಆರು ಸಂಬಳದ ಚೀಟಿ, ಎರಡು ಜನನಪತ್ರ, ಬ್ಯಾಂಕಿನ ಕಾಗದ,
(ಅದನ್ನು ಮಡಚಿಯೇ ಕೊಟ್ಟೆ)
ಜೊತೆಗೆ, ಮಗುವಿನ ಅಪ್ಪ ಏನೂ ಕೊಡುವುದಿಲ್ಲ ಎಂಬುದಕ್ಕೆ
ನೋಟರಿ ಮುದ್ರೆಯ ಪುರಾವೆ.
ಕೊಟ್ಟದ್ದಕ್ಕೆ ರಸೀದಿ ಇರುತ್ತದೆ, ವರ್ನಾ.
ಕೊಡದೇ ಇದ್ದದ್ದಕ್ಕೆ
ಯಾವ ಅಂಗಡಿಯಲ್ಲಿ ಬಿಲ್ಲು ಹರಿಸಲಿ?
ಅವಳು ಪೆನ್ಸಿಲ್ ಕಚ್ಚಿದಳು. ಹಳದಿ ಬಣ್ಣವೆಲ್ಲ ಎದ್ದುಹೋದ ಪೆನ್ಸಿಲ್ಲು.
ಎಷ್ಟು ಜನ ಕೇಳಿದ್ದರೋ ಇದನ್ನೇ.

‘ಹನ್ನೊಂದನೆಯವಳು ನೀನು’ ಎಂದಳು.

ದೊಡ್ಡ ಊರಲ್ಲಿ ಹನ್ನೊಂದು ಬರೀ ಹನ್ನೊಂದು.
ಇಲ್ಲಿ ಮುಂದಿನ ಹತ್ತಕ್ಕೂ ಮುಖವಿದೆ.
ಪೆಟ್ರೋಲ್ ಬಂಕಿನ ಹಿಂದೆ ಟ್ರಕ್ಕಿನೊಳಗೆ ಮಲಗುವ ಎಮೆರಿ,
ಗಾಜಿಗೆಲ್ಲ ಹಳೇ ಪೇಪರು.
ಆಕ್ಸಿಜನ್ ಸಿಲಿಂಡರನ್ನು ಸಾಕುನಾಯಿಯಂತೆ ಎಳೆದುಕೊಂಡೇ
ಪೋಸ್ಟಾಫೀಸಿಗೆ ಬರುವ ಪ್ರಿಸಿಲ್ಲಾ.
ಭಾನುವಾರ ಚರ್ಚಿನಲ್ಲಿ ಶಾಂತಿ ಕೋರಿ ಕೈಕುಲುಕುವಾಗ
ಒಬ್ಬರ ಬೆರಳು ಒಬ್ಬರು ಎಣಿಸುತ್ತೇವೆ.

ಸ್ಪ್ರೂಸ್ ಕೋರ್ಟಿನಿಂದ ಹೊರಡುವವರಿಗೆ ದಾರಿ ಎರಡೇ:
ಗುಡ್ಡದ ಮೇಲಿನ ಸಮಾಧಿ,
ಇಲ್ಲವೇ ನಾನು ಬಟ್ಟೆ ಒಗೆಯುವ ಶುಶ್ರೂಷಾಲಯ.

ಕಳೆದ ಬುಧವಾರ ಹೊಸ ಚೀಲವೊಂದು ಇಳಿಯಿತು.
ಆರು ನೈಟಿ, ಒಂದು ನೀಲಿ ಸ್ವೆಟರು,
ಕತ್ತುಪಟ್ಟಿಯಲ್ಲಿ ಮಾಸದ ಶಾಯಿ: ಗ್ಲೋರಿಯಾ ಮಿಶೋ.
ಸೊಂಟ ಮುರಿದಿದೆ ಅಂದರು. ವಾಪಸು ಹೋಗುವುದಿಲ್ಲ ಅಂದರು.
ಅಯ್ಯೋ ಎಂದಿತು ಬಾಯಿ.
ಬಾಯಿ ಮುಚ್ಚುವ ಮೊದಲೇ ಎದೆಯೊಳಗೆ ಯಾವಳೋ
ಹನ್ನೊಂದರಿಂದ ಒಂದು ಕಳೆದಿದ್ದಳು.

ಆ ಸ್ವೆಟರನ್ನು ಕೈಯಲ್ಲೇ ಒಗೆದೆ.
ಮಷಿನ್ನಿಗೆ ಹಾಕಬಹುದಿತ್ತು.

ನಾನೇ ತಗೊಂಡು ಹೋಗಿ ಕೊಟ್ಟಾಗ ಮುದುಕಿ ಕೈ ಹಿಡಿದಳು,
‘ನಾಲ್ಕನೇ ನಂಬರು ಗೊತ್ತಲ್ಲ?
ಹೀಟರು ರಾತ್ರಿ ಬಡಿದುಕೊಳ್ಳುತ್ತೆ, ಹೆದರಬಾರದು, ಒಂದು ಒದೆ ಸಾಕು.
ಕಿಟಕಿಯಲ್ಲಿ ಜೆರೇನಿಯಂ ಇದೆ, ನೀರಿಲ್ಲದೆ ಒಂದು ವಾರ ಆಯ್ತು.
ನಾನು ಬರುವ ತನಕ ಯಾರಾದರೂ ಇಟ್ಟುಕೊಳ್ಳಲಿ.’

ಈಗ ಅದು ನನ್ನ ಕಿಟಕಿಯಲ್ಲಿದೆ.
ಅಕ್ಟೋಬರ್ ಮೂವತ್ತೊಂದರ ತನಕ ನನ್ನದಾದ ಕಿಟಕಿಯಲ್ಲಿ,
ನದಿಯ ಕಡೆಗೆ ಕತ್ತು ಹೊರಳಿಸಿ.
ಎರಡು ಎಲೆ ಉದುರಿದವು, ಒಂದು ಬಂತು.
ರೆಮಿ ಅಳೆಯುತ್ತಾನೆ, ಸ್ಕೇಲು ಹಿಡಿದು.

ವರ್ನಾ, ಫಾರ್ಮಿನ ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಇದೆ:
ಕುಟುಂಬದಲ್ಲಿ ಬದಲಾವಣೆಯಾದರೆ
ಹತ್ತು ದಿನದೊಳಗೆ ತಿಳಿಸತಕ್ಕದ್ದು.
ಇವತ್ತಿಗೆ ಒಂಬತ್ತು.
ಯಾವ ಕಾಲಮ್ಮಿನಲ್ಲಿ ಬರೆಯಲಿ, ಹೇಳು.