ಇತರರು

ಬಂದರಿನ ಹಳೆ ಗೋದಾಮಿನ ಮಹಡಿಯಲ್ಲಿ
ಏಳು ಕಂಪ್ಯೂಟರು. ಆರರ ತೆರೆಯ ಮೇಲೆ
ಅದೇ ನೀಲಿ ಕಿಟಕಿ, ಆಚೆಯಿಂದ ಅದೇ ಬೆಳಕು.
ಏಳನೆಯದು ನನ್ನದು, ಲಿನಕ್ಸ್.
ಅದರಲ್ಲಿ ಕಿಟಕಿಯಿಲ್ಲ. ನಿಜವಾದದ್ದು ಪಕ್ಕದಲ್ಲೇ ಉಂಟು,
ಅಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಗೆ
ಈರುಳ್ಳಿ, ಸಿಮೆಂಟು, ಎರಡು ಆಡು ಹತ್ತುತ್ತಿವೆ.

"ಎಂಥದಕ್ಕೆ ಮಾರಾಯ ನಿನಗೆ ಮಾತ್ರ ಬೇರೆ?"
ಶೆಣೈ ಮಾಮ್ ಕೇಳಿದ್ದರು, ನಾನು ಸೇರಿದ ವಾರ.
ವೈರಸ್ ಕಾಟ ಕಡಿಮೆ ಎಂದೆ, ದುಡ್ಡು ಕೊಡಬೇಕಾಗಿಲ್ಲ ಎಂದೆ.
ಎರಡನೆಯದು ಅವರಿಗೆ ಹಿಡಿಸಿತು.
ನಿಜ ಹೇಳಬೇಕೆಂದರೆ, ಕೆಟ್ಟರೆ
ಒಳಗೆ ಕೈಹಾಕಬಹುದು ಎಂಬುದೊಂದೇ.
ಅಪ್ಪ ದೋಣಿಯ ಎಂಜಿನ್ ರಿಪೇರಿಯವರು;
ನಮ್ಮಲ್ಲಿ ಮುಚ್ಚಳಕ್ಕೆ ಸ್ಕ್ರೂ ಬಿಗಿಯುವುದು ಎಲ್ಲಕ್ಕಿಂತ ಕೊನೆಗೆ.

ಕಷ್ಟವಿತ್ತು. ಕಸ್ಟಮ್ಸಿನ ನಮೂನೆ ಬಂದರೆ
ಗೆರೆಗಳು ನನ್ನಲ್ಲಿ ಒಂದು ಬೆರಳು ಕೆಳಗೆ ಜಾರುತ್ತಿದ್ದವು,
ಸಹಿಯ ಜಾಗ ಒಂಟಿಯಾಗಿ ಮುಂದಿನ ಪುಟಕ್ಕೆ ಹೋಗುತ್ತಿತ್ತು.
ಪ್ರಿಂಟರಂತೂ ನನ್ನ ಗುರುತೇ ಹಿಡಿಯಲಿಲ್ಲ.
ಎರಡು ವರ್ಷ, ಪೆನ್‌ಡ್ರೈವ್ ಮುಷ್ಟಿಯಲ್ಲಿ ಹಿಡಿದು
ವಾರಿಜಕ್ಕನ ಮೇಜಿಗೆ ನಡೆದೆ, ದಿನಕ್ಕೆ ಹತ್ತು ಸಲ.
"ಬಂತಾ ನಿನ್ನ ಮೂಕಬಸವ?"
ಇಸ್ಪೀಟಾಟ ಮುಚ್ಚಿ, ಎರಡು ಪ್ರತಿ ತೆಗೆದು
ಕಾಗದ ಬೆಚ್ಚಗಿರುವಾಗಲೇ ಕೈಗಿಡುತ್ತಿದ್ದರು.

ಆ ಕೋಣೆಯಲ್ಲಿ ಯಾರ ಒಳಗೂ ಒಂದೇ ಓಡುವುದಿಲ್ಲ ಎಂದು
ನನಗನ್ನಿಸುವುದು ಹನ್ನೊಂದರ ಚಾದ ಹೊತ್ತಿಗೆ.
ಶೆಣೈ ಮಾಮ್‌ದು ಫೋನಿಗೆ ಕೊಂಕಣಿ,
ವಾರಿಜಕ್ಕನದು ಚಾದ ಹುಡುಗನಿಗೆ ತುಳು,
ತಂಡೇಲನ ಜೊತೆ ನನ್ನ ಬ್ಯಾರಿ.
ಫೈಲಿನ ಮಾತು ಬಂದರೆ ಎಲ್ಲರೂ ಕನ್ನಡದಲ್ಲಿ ಸೇವ್ ಮಾಡಿ
ಒಬ್ಬರಿಗೊಬ್ಬರು ಕಳಿಸುತ್ತೇವೆ.
ಗೆರೆ ಸ್ವಲ್ಪ ಜಾರುತ್ತದೆ. ಅರ್ಥವಾಗುತ್ತದೆ.

ಅಕ್ಟೋಬರದಲ್ಲಿ ಹೊಸ ವಿಂಡೋಸ್
ವಾರಿಜಕ್ಕನ ಕಂಪ್ಯೂಟರಿಗೆ ತಾನು ಇಳಿಯುವುದಿಲ್ಲವೆಂದಿತು.
"ವಯಸ್ಸಾಯಿತು ಅಂತ ಇಂಗ್ಲಿಷಿನಲ್ಲಿ ಬರೆದಿದೆ," ಎಂದರು,
"ಅದಕ್ಕಾ, ನನಗಾ?"
ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು.
ಗುಜರಿಯವನಿಗೆ ಫೋನ್ ಹೋಗಿತ್ತು ಆಗಲೇ.
ಒಂದು ರಾತ್ರಿ ಕೊಡಿ ಎಂದೆ.

ಎಲ್ಲ ಹೋದ ಮೇಲೆ, ಧಕ್ಕೆಯ ಕಡೆಯಿಂದ
ಮಂಜುಗಡ್ಡೆ ಪುಡಿಮಾಡುವ ಸದ್ದು.
ಅವರ ಕಡತಗಳನ್ನು ನನ್ನದಕ್ಕೆ ಎತ್ತಿಡುವಾಗ
ಬೆರಳು ತಪ್ಪಿ ಒಂದು ಪತ್ರ ತೆರೆಯಿತು.
ಹಳೆಯ ನುಡಿಯಲ್ಲಿ ಬರೆದದ್ದು, ಹದಿನಾರು ವರ್ಷದ ಹಿಂದೆ.
ನನ್ನಲ್ಲಿ ಆ ಫಾಂಟಿಲ್ಲ. ನ ಇದ್ದಲ್ಲೆಲ್ಲ ಪೌಂಡಿನ ಗುರುತು,
ಟೊಪ್ಪಿಯಿಟ್ಟ ಎ-ಗಳ ಸಾಲು,
ಯಾರೋ ನೀರಿನಡಿ ಮಾತಾಡಿದ ಹಾಗೆ.
ಸರಕಿನ ಪತ್ರವಲ್ಲ ಎಂದಷ್ಟೇ ತಿಳಿಯಿತು: ಅಂಕಿಗಳಿರಲಿಲ್ಲ.

ಒಂದು ಸಾಲಿನ ಆಜ್ಞೆ ಸಾಕಿತ್ತು, ಅದು ಕನ್ನಡವಾಗಲು.
ನನಗೆ ಬರುತ್ತದೆ. ಬೆರಳು ಕೀಲಿಯ ಮೇಲೆಯೇ ಇತ್ತು.

ಬೇರೆ ಸಾಲು ಬರೆದೆ.
ಮಾಲಕಿ: ವಾರಿಜ.
ಓದಲು: ಮಾಲಕಿಗೆ.
ಇತರರಿಗೆ: ಇಲ್ಲ.
ಬೀಗ ಮಾಡಿದವನಿಗೆ ಬೀಗವಿಲ್ಲ, ಗೊತ್ತು. ಆದರೂ.
ಆಮೇಲೆ ಆ ಹಳೆ ಫಾಂಟನ್ನು ಹುಡುಕಿ
ಅವರದಕ್ಕೆ ಮಾತ್ರ ಹಾಕಿ, ದೀಪ ಆರಿಸಿ ಬಂದೆ.

ಬೆಳಿಗ್ಗೆ ಅವರು ಕನ್ನಡಕ ಏರಿಸಿ
ಬಂಗುಡೆಯ ಕಿವಿರೆತ್ತಿ ನೋಡುವ ಹಾಗೆ
ತೆರೆಯನ್ನು ನೋಡಿದರು, ಸುಮಾರು ಹೊತ್ತು.
"ಅದೆಲ್ಲ ಇರಲಿ ಹಕೀಂ, ನನ್ನ ಇಸ್ಪೀಟು ಎಲ್ಲುಂಟು?"

ಪ್ರಿಂಟರು ಅವರ ಗುರುತನ್ನೂ ಮರೆತಿದೆ.
ಈಗ ಗ್ಲಾಡಿಸಳ ಮೇಜಿಗೆ
ಇಬ್ಬರೂ ನಡೆಯುತ್ತೇವೆ,
ಒಂದೇ ಪೆನ್‌ಡ್ರೈವ್ ಹಿಡಿದು.