ಕಾರ್ಡಿನ ದಪ್ಪ

ಪ್ರೆಸ್ ಮುಚ್ಚಿದಾಗ ನನ್ನ ಏಳು ತಿಂಗಳ ಪಗಾರ ಬಾಕಿ.
ಸೀಸದ ಅಕ್ಷರ ಕಿಲೋ ಲೆಕ್ಕದಾಗ ಹೋದವು,
ಒತ್ತು, ಕೊಂಬು, ಗುಡಸು ಎಲ್ಲಾ ಒಂದೇ ಚೀಲದಾಗ ಕಲಸಿ.
ಕಟಿಂಗ್ ಮಷೀನು ಹುಬ್ಬಳ್ಳಿಯವರು ಒಯ್ದರು.
ಮಾಲಕರು ಗೋದಾಮಿನ ಹಿತ್ತಲಕಡೆ ಕೈ ಮಾಡಿ
"ಈರಕ್ಕ, ಅದನ್ನ ನೀ ತಗೊಂಡ ಹೋಗು" ಅಂದರು,
ನನ್ನ ಮುಖ ನೋಡದ.

ರಾಜದೂತ್.
ಸೀಟಿನ ಸ್ಪಂಜು ಇಲಿ ತಿಂದದ್ದು,
ಸೈಲೆನ್ಸರಿನ ಬಾಯಾಗ ಕಡಜ ಕಟ್ಟಿದ ಮಣ್ಣಿನ ಮನಿ.
ನಂಬರಿನಾಗ ಇನ್ನೂ ಇಪ್ಪತ್ತೈದು,
ಗದಗ ಧಾರವಾಡ ಜಿಲ್ಲಾದಾಗ ಇದ್ದಾಗಿಂದು.
ನಾ ಮಡಚಿ, ಎಣಿಸಿ, ನೂರರ ಕಟ್ಟು ಕಟ್ಟಿದ ಲಗ್ನಪತ್ರಿಕಿ
ಮುಳಗುಂದ, ಡಂಬಳ, ಲಕ್ಕುಂಡಿಗೆ
ಇದರ ಬೆನ್ನ ಮ್ಯಾಲೇ ಹೋಗತಿದ್ದವು.
ನಾ ಒಮ್ಮೆನೂ ಹತ್ತಿದ್ದಿಲ್ಲ.

ಬೆಟಗೇರಿತನಕ ನೂಕಿದೆ.
"ಯಕ್ಕಾ, ಗುಜರಿ ಅಂಗಡಿ ಆ ಕಡೆ" ಅಂದ ಒಬ್ಬ ಹುಡುಗ.
ಹೂಂ ಅಂದು ಈ ಕಡೆನೇ ಹೋದೆ.

ಮೌಲಾಲಿ ಮಿಸ್ತ್ರಿಗೆ ಕಿವಿ ಕೇಳೂದಿಲ್ಲ,
ನಲವತ್ತು ವರ್ಷದ ಇಂಜಿನ್ನಿನ ಗದ್ದಲಕ್ಕ ಕೊಟ್ಟುಬಿಟ್ಟಾನ.
ಸ್ಕ್ರೂಡ್ರೈವರಿನ ತುದಿ ಗಾಡಿಗೆ ಇಟ್ಟು
ಹಿಡಿಕಿ ಹಲ್ಲಾಗ ಕಚ್ಚಿ ಕೇಳತಾನ.
ಕಿಕ್ ಹೊಡಿ ಅಂತ ಕಣ್ಣಸನ್ನಿ.
ಕಾಲ ಕೆಳಗ ಬಂಡೆಗಲ್ಲು.
ಪ್ಲಗ್ ಬಿಚ್ಚಿ, ಒಳಗ ಡೀಸೆಲ್ ಸುರುವಿ,
"ಮೂರು ದಿನ ಮಲಗಲಿ" ಅಂದ.
ಹದಿನೆಂಟು ದಿನ ಮಲಗಿತು.

ಅಷ್ಟರಾಗ ನಾ ಟಾಕಿಗೆ ಗರಸು ಹಾಕಿ
ಕೂಸಿನ ಗಿಲಕಿಯಂಗ ಕುಲುಕಿದೆ,
ಕೆಂಪು ನೀರು, ಮತ್ತ ಕೆಂಪು ನೀರು, ಆಮ್ಯಾಲೆ ಬರೇ ನೀರು.
ಆರ್‌ಟಿಓ ಆಫೀಸಿನಾಗ ಹಸಿರು ತೆರಿಗಿ ಕಟ್ಟುವಾಗ
ಕಾರಕೂನ ಕೇಳಿದ, "ಗಾಡಿ ಯಾರದವಾ, ಗಂಡಂದಾ?"
"ಪಗಾರದ್ದು" ಅಂದೆ.

ಪಿಸ್ಟನ್ ಬಿಟ್ಟುಕೊಟ್ಟಿತು. ಕಿಡಿ ಮಾತ್ರ ಹತ್ತವಲ್ದು.
ಹೊಸಾ ಪಾಯಿಂಟ್ ಹಾಕಿದ, ಅವುಗಳ ನಡುವಿನ ಸಂದು ಅಳೀಬೇಕು,
ಅಳಿಯೋ ಗೇಜಿನ ತೆಳ್ಳನ ಎಸಳೇ ಮುರದಿತ್ತು.
ಡಬ್ಬಿ ಡಬ್ಬಿ ತಡಕಿದ, ಬೈದ,
ಒಂದು ಬೀಡಿ ಹಚ್ಚಿ ಕುಂತ.
ನಾ ಗಾಡಿಯ ಪೆಟ್ಟಿಗಿ ತಗದೆ.
ಪಾನಾ ಸುತ್ತಿದ ಅರಬಿಯ ಅಡಿಗೆ
ಒಂದು ಲಗ್ನಪತ್ರಿಕಿ.
ಚಿ. ಸೌ. ಸರಸತಿ.
ನೆನಪಾತು. ಒತ್ತು ಬಿದ್ದು ಹೋಗಿ
ಐನೂರು ಪ್ರತಿ ಮತ್ತ ಹೊಡೆದ ರಾತ್ರಿ,
ಮನಿ ಮುಟ್ಟಿದಾಗ ಎರಡು ಗಂಟೆ.

ಓದಿದ್ದು ಕಣ್ಣು, ಅಳೆದದ್ದು ಬೆರಳು.
ಇಪ್ಪತ್ತಾರು ವರ್ಷ ಕಾಗದ ಮುಟ್ಟಿದ ಬೆರಳು.
"ಇದು ನೋಡು" ಅಂತ ಹಿಡಿದೆ.
ಅವ ಬೀಡಿ ಆರಿಸಿ, ಕಾರ್ಡಿನ ಅಂಚು ಸಂದಿನಾಗ ತೂರಿಸಿ
ಎಳೆದ. ಬಿಗಿ ಇಲ್ಲ, ಸಡಿಲಿಲ್ಲ.
ತಿರುಪು ಬಿಗಿದ.

ನಾಕನೇ ಒದತಕ್ಕ ಹತ್ತಿತು.
ಓಣಿ ತುಂಬ ನೀಲಿ ಹೊಗಿ,
ಉಳಕೊಂಡಿದ್ದ ಕಡಜದ ಮಣ್ಣು ಹಾರಿ ಎದುರಿನ ಗ್ವಾಡಿಗೆ ಬಡೀತು.
ಮೌಲಾಲಿ ನಗಲಿಲ್ಲ, ಹಲ್ಲಾಗ ಸ್ಕ್ರೂಡ್ರೈವರ್ ಇತ್ತು,
ಹುಬ್ಬು ಏರಿದವು ಅಷ್ಟ.

ಕ್ಲಚ್ ಕಲಿತದ್ದು ಎಪಿಎಂಸಿ ಬಯಲಾಗ, ರವಿವಾರ,
ಒಣಮೆಣಸಿನಕಾಯಿ ಘಾಟಿಗೆ ಸೀನುತ್ತ.
ಎರಡು ಸಲ ಬಿದ್ದೆ. ಗಾಡಿಗೆ ಏನೂ ಆಗಲಿಲ್ಲ.

ಇವತ್ತು ಮುಂಡರಗಿ ರಸ್ತೆ.
ಹಿಂದ ಕ್ಯಾರಿಯರಿನ ಮ್ಯಾಲೆ ಸಾಲಿ ನೋಟಬುಕ್ಕಿನ ಕಟ್ಟು,
ನಾನ ಹೊಲಿದು, ನಾನ ಒಯ್ಯೂದು.
ದೂರ ಕಪ್ಪತಗುಡ್ಡದಾಗ ಗಾಳಿಪಂಖ ತಿರಗತಾವ, ಆರಾಮ.
ಪಾಪನಾಶಿ ದಾಟಿ ಕೆಮ್ಮಿತು, ನಿಂತಿತು.
ಎದಿ ಧಸಕ್ ಅಂತು.
ಬಗ್ಗಿ ಪೆಟ್ರೋಲಿನ ನಳ ರಿಸರ್ವಿಗೆ ತಿರುವಿದೆ,
ತಡಿ, ಇಳಿಯಲಿ.

ಸರಸ್ವತಿ ಈಗ ಯಾವೂರಾಗ ಅದಾಳೋ.
ಆಕಿ ಕಾರ್ಡು ಎಣ್ಣಿ ಕುಡದು, ಅಂಚು ಕರ್ರಗಾಗಿ
ಅದೇ ಪೆಟ್ಟಿಗಿಯಾಗ ಐತಿ.
ಮೂರು ಸಾವಿರ ಕಿಲೋಮೀಟರಿಗೆ ಮತ್ತ ಬೇಕಾಕ್ಕೈತಿ
ಅಂದಾನ ಮೌಲಾಲಿ.