ಮಡಿ

ಇಷ್ಟೇನಾ ಯೊರ್ದನ್?
ಆಡೊಂದು ಹಾರಿ ದಾಟಬಹುದಾದಷ್ಟು ಅಗಲ,
ಸೋಸದೆ ಬಿಟ್ಟ ಚಹಾದ ಬಣ್ಣ.
ಆಚೆ ದಡದಲ್ಲಿ ಬೇರೆ ದೇಶ, ಬೇರೆ ಬಾವುಟ,
ನಮ್ಮ ಹಾಗೇ ಬಿಳಿ ನಿಲುವಂಗಿ ತೊಟ್ಟು
ನಡುಗುತ್ತಿರುವ ಬೇರೆ ಜನ.
ನಾಮಾನನ ಸಿಟ್ಟು ನನಗೆ ಆಗ ಅರ್ಥವಾಯಿತು:
ಇದಕ್ಕಿಂತ ನಮ್ಮೂರ ಹೊಳೆ ಯಾವುದರಲ್ಲಿ ಕಡಿಮೆ?

ಬಂದ ದಾರಿಯ ಎರಡೂ ಬದಿಗೆ ತಂತಿಬೇಲಿ.
ಬೇಲಿಗೆ ಹಳದಿ ಹಲಗೆ: ನೆಲದೊಳಗೆ ಸಿಡಿಮದ್ದಿದೆ, ಎಚ್ಚರ.
ಅದರಾಚೆ ಗಂಟೆಯಿಲ್ಲದ ಗೋಪುರ, ಗೋಡೆಗೆ ಗುಂಡಿನ ತೂತು.
ಪಾರಿವಾಳಕ್ಕೆ ಮಾತ್ರ
ಎಲ್ಲಿ ಬೇಕಾದರೂ ಇಳಿಯುವ ಅಪ್ಪಣೆ.

ನಿಲುವಂಗಿ ಬಾಡಿಗೆಯದು. ಅಂಚಿನಲ್ಲಿ ಮಸಿಯ ಅಂಕಿ,
ಇನ್ನೂರ ಹದಿನಾಲ್ಕು.
ಎದೆಜೇಬಿನಲ್ಲಿ, ಸಭೆಯವರು ಬರೆಸಿ ಕಳಿಸಿದ ಚೀಟಿ:
ಗ್ರೇಟಾ ಚಿಕ್ಕಮ್ಮನ ಮೊಣಕಾಲು,
ಎಲಿಯಾಜರನ ಮೂರನೇ ಸಲದ ಪರೀಕ್ಷೆ,
ಸುಗುಣಾ ಅಮ್ಮನ್ನರ, ಯಾರೂ ಹೆಸರು ಹೇಳದ ಗಂಟು.
ಹೀಗೇ ಇಪ್ಪತ್ತಾರು.
ಕಡೆಗೆ ನನ್ನದೇ ಕೈಬರಹ: ಪ್ರಿಸ್ಕಿಲ್ಲ.
ಬರೆದು, ಮೇಲೆ ಗೀಟು ಎಳೆದದ್ದು.
ಅಪ್ಪನ ಪೆಟ್ಟಿಗೆಗೆ ಮೊಳೆ ಹೊಡೆಯುವಾಗ
ಅವಳಾಡಿದ ಒಂದು ಮಾತಿಗೆ
ಈ ಆಗಸ್ಟಿಗೆ ಹನ್ನೊಂದು ವರ್ಷ.

ಮುಳುಗಿದೆ. ಆಕಾಶ ತೆರೆಯಲಿಲ್ಲ.
ಮೂಗಿಗೆ ನೀರು ನುಗ್ಗಿತು, ಹಿಮ್ಮಡಿಯನ್ನು ಮೀನೊಂದು ಕಚ್ಚಿ ನೋಡಿತು.
ಕೆಮ್ಮುತ್ತ ಮೇಲೆದ್ದು, ಅಂಗಿ ಕಳಚಿ ಬುಟ್ಟಿಗೆಸೆದು
ಒಣಬಟ್ಟೆಯ ಸುಖದಲ್ಲಿ ಬಸ್ಸು ಹತ್ತಿದೆ.

ಯೆರಿಕೋದಲ್ಲಿ, ಜಕ್ಕಾಯನ ಮರವೆಂದು ತೋರಿಸುವ ಮರದ ಕೆಳಗೆ
ಎಲ್ಲರೂ ಕತ್ತೆತ್ತಿ ನೋಡುವಾಗ
ನನ್ನ ಕೈ ತಾನಾಗಿ ಎದೆಗೆ ಹೋಯಿತು.
ಚೀಟಿ ಇಲ್ಲ.
ಒಂದು ಹೆಸರನ್ನೂ ಓದಿರಲಿಲ್ಲ ನಾನು.

ಚಾಲಕ ಜಿರ್ಯಿಸ್ ಬೈಯಲಿಲ್ಲ. ಫೋನು ಕಿವಿಗಿಟ್ಟುಕೊಂಡೇ
ಬಾಳೆತೋಟದ ಹಿಂದಿನ ಸಂದಿಗೆ ಬಸ್ಸು ತಿರುಗಿಸಿದ:
ಅಂಗಿಗಳೆಲ್ಲ ನಜ್ಲಾಳ ಹತ್ತಿರ ಬರುತ್ತವೆ.

ಮೂರು ಯಂತ್ರ, ಒಂದು ಸತ್ತದ್ದು.
ಅಂಗಳದ ತುಂಬ ಹಗ್ಗ, ಹಗ್ಗದ ತುಂಬ
ತಲೆಯಿಲ್ಲದ ಬಿಳಿಯ ಜನ ಗಾಳಿಗೆ ಎದ್ದು ನಿಲ್ಲುತ್ತಿದ್ದರು.
ಬ್ಲೀಚು ತಿಂದ ಬೆರಳುಗಳಿಂದ
ಅವಳು ಒಂದೊಂದನ್ನೇ ಕೊಡವುತ್ತ ಗೊಣಗುತ್ತಿದ್ದಳು.
ನಿಮ್ಮ ಪಾಪ ಹೊಳೆಗೆ, ಕೊಳೆ ನನಗೆ,
ಎಂದಿರಬೇಕು. ನನಗೆ ಹಾಗೆ ಕೇಳಿಸಿತು.

ಇನ್ನೂರ ಹದಿನಾಲ್ಕರ ಜೇಬಿನಲ್ಲಿ ಒಂದು ಚಿಟಿಕೆ ಮುದ್ದೆ.
ಉಳಿದದ್ದೆಲ್ಲ, ಜೊತೆಗೆ ತಿರುಗಿದ ಮೂವತ್ತು ಅಂಗಿಗಳಿಗೆ
ತೌಡಿನ ಹಾಗೆ ಅಂಟಿತ್ತು.
ಅವಳ ಮಗ ಯಾಹ್ಯಾ, ಹನ್ನೆರಡರ ಹುಡುಗ,
ಯಾತ್ರಿಕರಿಂದ ಹೆಕ್ಕಿದ ಇಂಗ್ಲಿಷಿನಲ್ಲಿ ಕೇಳಿದ:
ದುಡ್ಡೇ, ಅಮ್ಮ ಕೇಳುತ್ತಿದ್ದಾಳೆ.
ಅಲ್ಲ. ಹೆಸರುಗಳು.
ಕಾಯಿಲೆಯವರದೇ?
ಕಾಯಿಲೆಯವರದೂ.

ನಜ್ಲಾ ಕೊಡವುವುದನ್ನು ನಿಲ್ಲಿಸಿದಳು.
ಕೈಯಲ್ಲಿದ್ದ ತೋಳನ್ನು ಬೆಳಕಿಗೆ ಹಿಡಿದು ನೋಡಿ
ಹಾಗೇ ಇಳಿಬಿಟ್ಟಳು.
ಇರಲಿ, ಎಂದ ಯಾಹ್ಯಾ. ನಾಳೆ ಇಥಿಯೋಪಿಯದವರು,
ನಾಡಿದ್ದು ಬ್ರೆಜಿಲ್ಲಿನ ನಲವತ್ತು ಜನ.

ಯಾರದೋ ಭುಜದ ಮೇಲೆ ಚಿಕ್ಕಮ್ಮನ ಮೊಣಕಾಲು
ನಾಳೆ ನೀರಿಗಿಳಿಯುತ್ತದೆ.
ಗೀಟು ಎಳೆದ ಹೆಸರು ಯಾವುದು, ಎಳೆಯದ್ದು ಯಾವುದು
ಮುದ್ದೆಗೆ ಗೊತ್ತಿಲ್ಲ.

ಸುಮ್ಮನೆ ನಿಲ್ಲಲಾರದೆ ಒಂದು ಅಂಗಿಯ ತುದಿ ಹಿಡಿದೆ.
ಆ ತುದಿ ಅವಳು, ಈ ತುದಿ ನಾನು,
ಹತ್ತಿರ ಬಂದು, ದೂರ ಸರಿದು, ಮತ್ತೆ ಹತ್ತಿರ ಬಂದು ಮಡಿಚಿದೆವು.
ಒಗೆದ ಬಟ್ಟೆಗೆ ನಿಮ್ಮ ಮಾತಿನಲ್ಲಿ ಏನೆನ್ನುತ್ತಾರೆ, ಹುಡುಗ ಕೇಳಿದ.
ಮಡಿ, ಎಂದೆ.
ಮದಿ, ಎಂದ. ಮಡಿ. ಸರಿಯಾಗಿ ಹೇಳಿ ನಕ್ಕ.
ಸಾಯುವುದಕ್ಕೂ ಅದೇ ಮಾತೆಂದು
ಅವನಿಗೆ ಹೇಳಲಿಲ್ಲ.

ರಾತ್ರಿ ಹೋಟೆಲಿನಲ್ಲಿ ಫೋನು ತೆಗೆದು ಅವಳ ಸಂಖ್ಯೆ ಹುಡುಕಿದೆ.
ಊರಿನಲ್ಲಿ ಆಗ ಒಂದು ಗಂಟೆ; ಮಲಗಿರುತ್ತಾಳೆ.
ನೆಪ ಒಳ್ಳೆಯದೇ ಇತ್ತು.
ಮಣಿಕಟ್ಟಿಗೆ ಅಂಟಿಕೊಂಡ ಒಂದು ಬಿಳಿಯ ಚೂರು,
ಉಗುರಿನಷ್ಟು, ಅಕ್ಷರವಿಲ್ಲದ್ದು.
ಸ್ನಾನ ಮಾಡದೆ ಮಲಗಿದೆ.